ಆಯುಧಪೂಜೆ ಮುಗಿಸ್ಕೊಂಡು ಹೋಗು

ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವಿನ ಗೋಡೆ ನನಗೆ ಎದೆಮಟ್ಟ, ಮೇಷ್ಟ್ರಿಗೆ ಕತ್ತಿನ ಮಟ್ಟ. ಮಾತಿಗೆ ನಿಂತರೆ ನಾನು ಅರ್ಧ ಮನುಷ್ಯನಾದರೂ ಕಾಣುತ್ತೇನೆ. ಅವರು ಗೋಡೆಯ ಮೇಲೆ ಯಾರೋ ದೃಷ್ಟಿಗೆಂದು ಇಟ್ಟುಹೋದ ಬೂದುಗುಂಬಳಕಾಯಿಯ ಹಾಗೆ ಕಾಣುತ್ತಾರೆ. ಬ್ಯಾಟರಾಯನಪುರ ಇನ್ನೂ ನಗರಸಭೆಯಾಗಿದ್ದಾಗ, ಅಂದರೆ 2007ರಲ್ಲಿ ಬೆಂಗಳೂರಿನ ಹೊಟ್ಟೆಗೆ ಸೇರುವ ಮುಂಚೆ, ಇಲ್ಲಿ ಗೋಡೆ ಇರಲಿಲ್ಲ, ಕಳ್ಳಿಬೇಲಿ ಇತ್ತು. ಸೈಟಿನ ಬೆಲೆ ಏರಿದ ಹಾಗೆ ಬೇಲಿ ಹೋಗಿ ಗೋಡೆ ಬಂತು. ಮಾತು ಮಾತ್ರ ಬೇಲಿಯ ಕಾಲದ್ದೇ.

ಅವತ್ತು ಭಾನುವಾರ. ಯುಗಾದಿಗೆ ಇನ್ನು ಹನ್ನೊಂದು ದಿನ. ಬಳ್ಳಾರಿ ರಸ್ತೆಯ ಮೆಟ್ರೊ ಕೆಲಸದ ಧೂಳೆಲ್ಲ ತಮ್ಮ ನಿಂಬೆ ಗಿಡದ ಮೇಲೇ ಬಂದು ಕೂರುತ್ತದೆ ಅನ್ನುವುದು ಮೇಷ್ಟ್ರ ದೂರು. ಪೈಪು ಹಿಡಿದು ಎಲೆ ಎಲೆ ತೊಳೆಯುತ್ತಿದ್ದರು. ಜಕ್ಕೂರಿನ ಪುಟ್ಟ ವಿಮಾನವೊಂದು ತಲೆಯ ಮೇಲೆ ಗುಂಯ್ ಅಂದು ಹೋಗುವವರೆಗೂ ಕಾದು, ಕತ್ತೆತ್ತಿ ಕೇಳಿದರು:

"ಅಲ್ಲಾ ಸಾರ್, ಮಾವಿನಕಾಯಿ ಕೀಳೋ ಕೂಲಿಗೂ ಟ್ಯಾಕ್ಸ್ ಕಟ್ಬೇಕಾ?"

ನಾನು ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿದ್ದವನು. ಬ್ಯಾಂಕಿನಲ್ಲಿದ್ದವನಿಗೆ ತೆರಿಗೆ ಗೊತ್ತಿರಲೇಬೇಕು ಅನ್ನುವುದು ನಮ್ಮ ರಸ್ತೆಯವರ ನಂಬಿಕೆ. ಆ ನಂಬಿಕೆಯನ್ನು ನಾನೂ ಕೆಡಿಸಲು ಹೋಗಿಲ್ಲ. ಜುಲೈ ತಿಂಗಳಲ್ಲಿ ಬೆಲ್ಲ, ಅವರೆಕಾಳು, ಒಂದೆರಡು ಸಲ ಜೇನುತುಪ್ಪವೂ ಬಂದದ್ದುಂಟು. "ನಿಮಗ್ಯಾಕೆ ಊರ ಉಸಾಬರಿ" ಅನ್ನುತ್ತಾಳೆ ನನ್ನಾಕೆ. ಜೇನುತುಪ್ಪ ಬಂದ ದಿನ ಮಾತ್ರ ಅನ್ನುವುದಿಲ್ಲ.

ವಿಷಯ ಏನೆಂದರೆ, ಮೇಷ್ಟ್ರ ಮಗ ಆಸ್ಟ್ರೇಲಿಯಾದಲ್ಲಿದ್ದಾನೆ. ಎಂಜಿನಿಯರಿಂಗ್ ಓದಿದ ಹುಡುಗ, ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸಕ್ಕಿದ್ದ. ಜೂನ್ ತಿಂಗಳ ಕೊನೆಗೆ ಅದನ್ನು ಬಿಟ್ಟು, ಒಂದು ವರ್ಷ ತಿರುಗಾಡಿಕೊಂಡು ದುಡಿದು ಬರುತ್ತೇನೆ ಅಂತ ಹೊರಟ. 2022ರಲ್ಲಿ ಎರಡು ದೇಶಗಳ ನಡುವೆ ಆದ ವ್ಯಾಪಾರ ಒಪ್ಪಂದದಲ್ಲಿ, ವರ್ಷಕ್ಕೆ ಸಾವಿರ ಮಂದಿ ಭಾರತೀಯ ಹುಡುಗ ಹುಡುಗಿಯರಿಗೆ 'ವರ್ಕ್ ಅಂಡ್ ಹಾಲಿಡೇ' ವೀಸಾ ಕೊಡುತ್ತೇವೆ ಅಂತ ಆಸ್ಟ್ರೇಲಿಯಾ ಮಾತು ಕೊಟ್ಟಿತ್ತು. ಹದಿನೆಂಟರಿಂದ ಮೂವತ್ತು ವಯಸ್ಸಿನವರಿಗೆ ಮಾತ್ರ. 2024ರ ಅಕ್ಟೋಬರಿನಲ್ಲಿ ಮೊದಲ ಸಲ ಹೆಸರು ಬರೆಸಿಕೊಂಡರು. ಇಪ್ಪತ್ತೈದು ಡಾಲರು ಕಟ್ಟಿ ಹೆಸರು ಕೊಟ್ಟರೆ ಚೀಟಿ ಎತ್ತುತ್ತಾರೆ. ಸಾವಿರ ಜಾಗಕ್ಕೆ ನಲವತ್ತು ಸಾವಿರದಷ್ಟು ಮಂದಿ ಮುಗಿಬಿದ್ದರು. ಅದರಲ್ಲಿ ನಮ್ಮ ಮೇಷ್ಟ್ರ ಮಗನ ಚೀಟಿ ಎದ್ದಿತು. ಈ ರಸ್ತೆಯಲ್ಲಿ ಲಾಟರಿ ಹೊಡೆದವನು ಅವನೊಬ್ಬನೇ.

ಮೇಷ್ಟ್ರ ಊರು ಶ್ರೀನಿವಾಸಪುರ. ಮಾವಿನ ಸೀಮೆ. ಅಲ್ಲಿ ಅವರಿಗೆ ಈಗಲೂ ಎರಡೂವರೆ ಎಕರೆ ತೋಪಿದೆ; ಹೂವು ಬಿಟ್ಟ ಕೂಡಲೇ ಗುತ್ತಿಗೆಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಮಗ ಹುಟ್ಟಿದ ಲಾಗಾಯ್ತು ಆ ತೋಪಿನಲ್ಲಿ ಒಂದು ಕಾಯಿ ಕಿತ್ತವನಲ್ಲ. ಅಂಥವನು ಆಸ್ಟ್ರೇಲಿಯಾದ ಉತ್ತರದ ಕ್ಯಾಥರೀನ್ ಎಂಬ ಊರಿನಲ್ಲಿ ಮಾವು ಕೀಳುವ ಕೆಲಸಕ್ಕೆ ಸೇರಿದ. ಅಲ್ಲಿ ಅಕ್ಟೋಬರ್, ನವೆಂಬರ್ ಅಂದರೆ ಮಾವಿನ ಸುಗ್ಗಿ. ಕಿತ್ತದ್ದು ಕೆನ್ಸಿಂಗ್ಟನ್ ಪ್ರೈಡ್ ಎಂಬ ತಳಿ. ಅದೂ ಮೂಲದಲ್ಲಿ ನಮ್ಮದೇ ಅಂತೆ. ಹೋದ ಶತಮಾನಕ್ಕೂ ಹಿಂದಿನ ಶತಮಾನದಲ್ಲಿ ಭಾರತಕ್ಕೆ ಕುದುರೆ ಸಾಗಿಸುತ್ತಿದ್ದ ವ್ಯಾಪಾರಿಗಳು ವಾಪಸ್ಸು ಹೋಗುವಾಗ ಒಯ್ದದ್ದು ಅಂತ ಹೇಳುತ್ತಾರೆ. ಮೊದಲ ವಾರವೇ ಸೊನೆ ತಾಗಿ ಹುಡುಗನ ಕೈ, ಮುಖವೆಲ್ಲ ಬೊಬ್ಬೆ. ವಿಡಿಯೊ ಕಾಲಿನಲ್ಲಿ ನೋಡಿ ಅವರಮ್ಮ ಅತ್ತರಂತೆ. ಮೇಷ್ಟ್ರು ಅತ್ತಿಲ್ಲ. "ತೊಟ್ಟು ಮುರಿದ ಕೂಡ್ಲೆ ಕಾಯಿ ತಲೆಕೆಳಗು ಹಿಡೀಬೇಕು ಕಣೋ, ಅಷ್ಟೂ ಗೊತ್ತಿಲ್ವಾ" ಅಂತ ಶ್ರೀನಿವಾಸಪುರದ ಪಾಠವನ್ನು ಕ್ಯಾಥರೀನಿಗೆ ಫೋನಿನಲ್ಲಿ ಮಾಡಿದರು.

ಡಿಸೆಂಬರಿನಲ್ಲಿ ಮಾವು ಮುಗಿಯಿತು. ಹುಡುಗ ದೇಶದ ಆ ತುದಿಯಿಂದ ಈ ತುದಿಗೆ, ಟಾಸ್ಮೇನಿಯಾಕ್ಕೆ ಬಂದ. ಅಲ್ಲಿ ಚೆರಿ ಕಾಲ. ಚೆರಿ ಮುಗಿದು ಈಗ ಸೇಬು. ನಮ್ಮ ಕಡೆ ದೇವನಹಳ್ಳಿ, ದೊಡ್ಡಬಳ್ಳಾಪುರದ ದ್ರಾಕ್ಷಿ ತೋಟಗಳಿಗೆ ಆಳುಗಳು ಬಂದು ಹೋಗುತ್ತಿದ್ದ ಹಾಗೆಯೇ. ಆದರೆ ಇಲ್ಲಿ ಕೂಲಿಯನ್ನು ಸಂಜೆ ಕೈಗೆ ಎಣಿಸಿ ಕೊಡುತ್ತಿದ್ದರು, ಅಲ್ಲಿ ಪ್ರತಿ ಕೂಲಿಗೂ ಒಂದು ಸಂಬಳದ ಚೀಟಿ. ಆ ಚೀಟಿಯ ಫೋಟೊವನ್ನು ಮಗ ವಾಟ್ಸಾಪಿನಲ್ಲಿ ಕಳಿಸಿದ್ದೇ ಈ ಭಾನುವಾರದ ಹರಟೆಗೆ ಮೂಲ.

"ನೋಡಿ ಸಾರ್, ಸಾವಿರ ಡಾಲರಿಗೆ ನೂರೈವತ್ತು ಹಿಡ್ಕೊಂಡವ್ರೆ. ತೋಟದ ಕೆಲಸ ಅಂದ್ಮೇಲೆ ಕೃಷಿ ಆದಾಯ ಅಲ್ವಾ? ಕೃಷಿ ಆದಾಯಕ್ಕೆ ಎಲ್ಲಾದ್ರೂ ತೆರಿಗೆ ಉಂಟೇನು?"

ಈ ಪ್ರಶ್ನೆ ಕೇಳಿ ನನಗೆ ಬಹಳ ಸಂತೋಷವಾಯಿತು. ತಪ್ಪು ತಿಳಿವಳಿಕೆ ಎಂದರೆ ಹೀಗಿರಬೇಕು, ನೋಡಲು ಸರಿಯ ಹಾಗೇ ಇರಬೇಕು.

"ಮೇಷ್ಟ್ರೇ, ನಿಮ್ಮ ತೋಪಿನ ಗುತ್ತಿಗೆ ಹಣ ಕೃಷಿ ಆದಾಯ. ನಮ್ಮ ಕಾಯ್ದೆಯಲ್ಲಿ ಅದಕ್ಕೆ ತೆರಿಗೆ ಇಲ್ಲ. ಆದ್ರೆ ನಿಮ್ಮ ತೋಪಲ್ಲಿ ಕಾಯಿ ಕೀಳೋನು ಇಸ್ಕೊಳ್ಳೋ ಕೂಲಿ ಕೃಷಿ ಆದಾಯ ಅಲ್ಲ, ಅದು ಸಂಬಳ. ಭೂಮಿ ಯಾರದೋ ಅವರಿಗೆ ವಿನಾಯಿತಿ, ಬೆವರು ಯಾರದೋ ಅವರಿಗಿಲ್ಲ."

"ಅಂದ್ರೆ ನಮ್ಮ ತೋಪಿನ ಆಳು ತೆರಿಗೆ ಕಟ್ಬೇಕಾ?"

"ಕಟ್ಟೋವಷ್ಟು ಕೂಲಿ ನೀವು ಕೊಟ್ಟಿದ್ರೆ ಕಟ್ತಿದ್ದ."

ಮೇಷ್ಟ್ರು ಪೈಪನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ನಾನು ಬಿಡಲಿಲ್ಲ. "ಇನ್ನೂ ಒಂದು. ಕೃಷಿ ಆದಾಯ ಅನ್ನಿಸಿಕೊಳ್ಳೋಕೆ ಆ ಭೂಮಿ ಭಾರತದಲ್ಲಿರಬೇಕು. ನಾಳೆ ನಿಮ್ಮ ಮಗ ಕ್ಯಾಥರೀನಲ್ಲಿ ಸ್ವಂತ ತೋಪನ್ನೇ ಕೊಂಡ್ರೂ ಅದರ ದುಡ್ಡು ನಮ್ಮ ಇಲಾಖೆ ಕಣ್ಣಲ್ಲಿ ಕೃಷಿ ಆದಾಯ ಅಲ್ಲ."

ಆಸ್ಟ್ರೇಲಿಯಾದ ಕಡೆಯ ಲೆಕ್ಕ ಹೇಳಿದೆ. ಅಲ್ಲಿನವನಿಗೆ ವರ್ಷಕ್ಕೆ ಮೊದಲ 18,200 ಡಾಲರಿಗೆ ತೆರಿಗೆಯೇ ಇಲ್ಲ. ರಜೆ ವೀಸಾದ ಮೇಲೆ ಬಂದು ದುಡಿಯುವವನಿಗೆ ಆ ಸೌಲಭ್ಯ ಇಲ್ಲ. ಮೊದಲ ಡಾಲರಿನಿಂದಲೇ, 45,000 ಡಾಲರಿನವರೆಗೆ, ನೂರಕ್ಕೆ ಹದಿನೈದು. ಅಲ್ಲಿಯವರು ಇದನ್ನು 'ಬ್ಯಾಕ್‌ಪ್ಯಾಕರ್ ಟ್ಯಾಕ್ಸ್' ಅನ್ನುತ್ತಾರೆ. ನಮ್ಮಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡವನನ್ನು ಕಂಡರೆ ಪಾಪ ಅನ್ನಿಸಿ ನೀರು ಕೊಡುತ್ತಾರೆ, ಅವರು ಹದಿನೈದು ಇಸಿದುಕೊಳ್ಳುತ್ತಾರೆ. ಸಿಡ್ನಿಯ ಹೋಟೆಲಿನಲ್ಲಿ ಊಟ ಬಡಿಸುತ್ತಿದ್ದ ಬ್ರಿಟಿಷ್ ಹುಡುಗಿಯೊಬ್ಬಳು ಇದರ ಮೇಲೆ ಕೇಸು ಹಾಕಿ, 2021ರ ನವೆಂಬರಿನಲ್ಲಿ ಅಲ್ಲಿನ ಹೈಕೋರ್ಟಿನಲ್ಲಿ ಗೆದ್ದಳು. ಅವರ ಅತ್ಯುನ್ನತ ನ್ಯಾಯಾಲಯಕ್ಕೇ ಹೈಕೋರ್ಟು ಅಂತ ಹೆಸರು. ತನ್ನದೇ ಪ್ರಜೆಗಿಂತ ಬ್ರಿಟನ್ನಿನವಳಿಗೆ ಹೆಚ್ಚು ಭಾರ ಹೊರಿಸುವ ಹಾಗಿಲ್ಲ ಎಂದು ಎರಡು ದೇಶಗಳ ಒಪ್ಪಂದದಲ್ಲೇ ಬರೆದಿತ್ತು.

"ನಮ್ಮೋನೂ ಹಾಕಬಹುದಲ್ಲ ಹಂಗಾದ್ರೆ?"

"ಆ ಹುಡುಗಿ ಒಂದೇ ಊರಲ್ಲಿ ನೆಲೆ ನಿಂತು, ಅಲ್ಲಿಯ ನಿವಾಸಿ ಅಂತ ತೋರಿಸಿಕೊಟ್ಟಳು. ನಿಮ್ಮ ಮಗ ಅಕ್ಟೋಬರಿನಲ್ಲಿ ಮಾವು, ಡಿಸೆಂಬರಿನಲ್ಲಿ ಚೆರಿ, ಮಾರ್ಚಿನಲ್ಲಿ ಸೇಬು. ಹಣ್ಣಿನ ಹಿಂದೆ ಹೋಗೋನನ್ನ ಯಾವ ಊರು ನಮ್ಮೋನು ಅನ್ನತ್ತೆ?"

ಮೇಷ್ಟ್ರು ಸುಮ್ಮನಾದರು. ಅಷ್ಟರಲ್ಲಿ ಅವರ ಮನೆಯವರು, ನಾನು ಅಕ್ಕ ಅನ್ನುತ್ತೇನೆ, ಮೊರದಲ್ಲಿ ತೊಗರಿಬೇಳೆ ಹಿಡಿದು ಹಿತ್ತಿಲಿಗೆ ಬಂದರು. ನಾವು ಆಡಿದ್ದಷ್ಟನ್ನೂ ಒಳಗಿನಿಂದಲೇ ಕೇಳಿಸಿಕೊಂಡಿದ್ದರು. "ಮೊದಲನೇ ತೋಟದಲ್ಲಿ ಅರ್ಧಕ್ಕರ್ಧ ಹಿಡ್ಕೊಂಡಿದ್ರಂತೆ ಅಣ್ಣ, ಅದು ಕೇಳಿ ಮೊದಲು" ಅಂದರು ಬೇಳೆಯಲ್ಲಿನ ಕಲ್ಲು ಆರಿಸುತ್ತ.

ಅದೂ ನಿಜವೇ. ಅಲ್ಲಿ ನಮ್ಮ ಪ್ಯಾನ್ ಇದ್ದ ಹಾಗೆ ಒಂಬತ್ತು ಅಂಕಿಯ ಟ್ಯಾಕ್ಸ್ ಫೈಲ್ ನಂಬರು ಅಂತ ಒಂದಿದೆ. ಕೆಲಸಕ್ಕೆ ಸೇರಿದ ಇಪ್ಪತ್ತೆಂಟು ದಿನದೊಳಗೆ ಅದನ್ನು ಕೊಡಬೇಕು. ಕೊಡದಿದ್ದರೆ ನೂರಕ್ಕೆ ನಲವತ್ತೈದು ಹಿಡಿಯುತ್ತಾರೆ. ಹುಡುಗ ಸೊನೆಯ ಬೊಬ್ಬೆಯಲ್ಲಿ ಅದನ್ನು ಮರೆತಿದ್ದ. ತಪ್ಪು ಅವನದೇ, ತೋಟದವನ ಮೇಲೆ ಹಾಕುವಂತಿಲ್ಲ.

"ಹೋಯ್ತಾ ಆ ದುಡ್ಡು?"

"ಹೋಗಲ್ಲ ಅಕ್ಕ. ಅದಕ್ಕೇ ರಿಟರ್ನು ಅನ್ನೋದು. ಅವರ ವರ್ಷ ಜುಲೈ ಒಂದಕ್ಕೆ ಶುರು, ಜೂನ್ ಮೂವತ್ತಕ್ಕೆ ಮುಗಿಯತ್ತೆ. ಆಮೇಲೆ ಅಕ್ಟೋಬರ್ 31ರೊಳಗೆ ಫೋನಲ್ಲೇ ಕೂತು ಸಲ್ಲಿಸಬಹುದು. ಮೂರು ತೋಟದ ಲೆಕ್ಕವೂ ಅವರ ಕಂಪ್ಯೂಟರಿನಲ್ಲೇ ಬಂದಿರತ್ತೆ. ಹೆಚ್ಚಿಗೆ ಹಿಡಿದದ್ದು ವಾಪಸ್ಸು ಬರತ್ತೆ. ಬಿಸಿಲಲ್ಲಿ ಕೆಲಸ ಮಾಡೋರು ತಲೆಗೆ ಹಾಕೋ ಟೋಪಿ, ಮುಖಕ್ಕೆ ಬಳಿಯೋ ಸನ್‌ಸ್ಕ್ರೀನು, ತಂಪು ಕನ್ನಡಕ, ಇದರ ಖರ್ಚನ್ನೂ ಆದಾಯದಿಂದ ಕಳೀಬಹುದು."

ಇದನ್ನು ಅವರಿಬ್ಬರೂ ನಂಬಲಿಲ್ಲ. ಟೋಪಿಗೆ ಲೆಕ್ಕ ಕೇಳುವ ಸರ್ಕಾರ ಉಂಟು, ಟೋಪಿಗೆ ಲೆಕ್ಕ ಕೊಡುವ ಸರ್ಕಾರ ಎಲ್ಲಿಂದ ಬಂತು ಅನ್ನುವ ಮುಖ ಇಬ್ಬರದೂ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನುವುದು ನಮ್ಮ ಗಾದೆ. ಅಲ್ಲಿನ ಸುಂಕದವನು ಬಿಸಿಲಿನ ದುಃಖವನ್ನಾದರೂ ಕೇಳಿಸಿಕೊಳ್ಳುತ್ತಾನೆ, ರಸೀದಿ ಇದ್ದರೆ.

ಆದರೆ ಮೇಷ್ಟ್ರು ಖುಷಿಯಾಗುವುದಕ್ಕೆ ಮುಂಚೆ ಇನ್ನೊಂದು ಹೇಳಬೇಕಿತ್ತು. ನಮ್ಮ ಪಿ.ಎಫ್. ಥರ ಅಲ್ಲಿ ಸೂಪರ್ ಅಂತಾರೆ. ಸಂಬಳದ ಮೇಲೆ ನೂರಕ್ಕೆ ಹನ್ನೆರಡು, ಮಾಲೀಕನೇ ತುಂಬುತ್ತಾನೆ. ದೇಶ ಬಿಟ್ಟು ವೀಸಾ ಮುಗಿದ ಮೇಲೆ ಅದನ್ನು ಕೇಳಿ ಪಡೆಯಬಹುದು. ಪಡೆಯುವಾಗ ರಜೆ ವೀಸಾದವರಿಗೆ ನೂರಕ್ಕೆ ಅರವತ್ತೈದು ತೆರಿಗೆ.

"ಅರವತ್ತೈದು ಕೊಡ್ತಾರಾ?"

"ಅರವತ್ತೈದು ಹಿಡ್ಕೋತಾರೆ. ಮೂವತ್ತೈದು ಕೊಡ್ತಾರೆ."

"ಅದಕ್ಕೆ ಸೂಪರ್ ಅಂತ ಬೇರೆ ಹೆಸರು" ಅಂದರು ಮೇಷ್ಟ್ರು.

ಇಷ್ಟಾದರೆ ನಾನು ಕಾಫಿಗೆ ಒಳಗೆ ಹೋಗುತ್ತಿದ್ದೆ. ಆದರೆ ಮೇಷ್ಟ್ರು ನಿಟ್ಟುಸಿರು ಬಿಟ್ಟು, "ಹೋಗ್ಲಿ, ಅಲ್ಲಿ ಹಿಡ್ಕೊಂಡ್ರು ಅಂದ್ಮೇಲೆ ಇಲ್ಲಿ ಏನೂ ತಾಪತ್ರಯ ಇಲ್ವಲ್ಲ" ಅಂದುಬಿಟ್ಟರು. ಇಲ್ಲಿದೆ ನೋಡಿ ಮಜ.

ಕೊಲ್ಲಿ ದೇಶಗಳಿಗೆ ಹೋದ ಮಂಗಳೂರಿನ ಕಡೆಯವರು ಅರ್ಧ ಶತಮಾನದಿಂದ ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ನಮ್ಮ ಬೆಂಗಳೂರಿನ ಉತ್ತರದವರಿಗೆ ಇದು ಹೊಸದು. ಆದಾಯ ತೆರಿಗೆಯವರು ಮೊದಲು ಕೇಳುವುದು ಎಷ್ಟು ದುಡಿದೆ ಅಂತಲ್ಲ. ಎಷ್ಟು ದಿನ ಎಲ್ಲಿದ್ದೆ ಅಂತ. ಮಗ ರಾತ್ರಿ ಎಲ್ಲಿ ಮಲಗಿದ್ದ ಅಂತ ತಾಯಿಯೊಬ್ಬಳು ಕೇಳುತ್ತಾಳೆ, ಇಲಾಖೆಯೊಂದು ಕೇಳುತ್ತದೆ. ಏಪ್ರಿಲ್ ಒಂದರಿಂದ ಮಾರ್ಚ್ 31ರೊಳಗೆ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿದ್ದರೆ ನೀನು ನಿವಾಸಿ. ನಿವಾಸಿಯಾದವನು ಪ್ರಪಂಚದ ಯಾವ ಮೂಲೆಯಲ್ಲಿ ದುಡಿದರೂ ಇಲ್ಲಿ ಲೆಕ್ಕ ಕೊಡಬೇಕು. ಕೆಲಸಕ್ಕೆಂದು ಹೊರಟ ಭಾರತೀಯ, 182 ತುಂಬುವ ಮುಂಚೆ ವಿಮಾನ ಹತ್ತಿದ್ದರೆ ಅನಿವಾಸಿ. ಆಗ ಆಸ್ಟ್ರೇಲಿಯಾದ ಸಂಬಳದ ಗೊಡವೆ ನಮ್ಮ ಇಲಾಖೆಗಿಲ್ಲ. ಏಪ್ರಿಲ್‌ನಿಂದ ಎಣಿಸಿದರೆ ಸೆಪ್ಟೆಂಬರ್ 28ಕ್ಕೆ 181 ದಿನ. ಮಾನ್ಯತಾದಿಂದ ಆನ್‌ಸೈಟ್ ಹೋಗುವ ಹುಡುಗರಿಗೆ ಈ ತಾರೀಕು ಅವರ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ಗೊತ್ತು. ಮೇಷ್ಟ್ರ ಮಗನಿಗೆ ಹೇಳುವ ಕಂಪನಿ ಇರಲಿಲ್ಲ.

"ಯಾವತ್ತು ಹೊರಟ ಮೇಷ್ಟ್ರೇ ಅವನು?"

"ದಸರಾ ಹೊತ್ತಿಗೆ."

"ದಸರಾಕ್ಕೆ ಮುಂಚೆನೋ ಆಮೇಲೋ?"

ಮೇಷ್ಟ್ರಿಗೆ ನೆನಪಿಲ್ಲ. ಪಾಸ್‌ಪೋರ್ಟಿನ ಮುದ್ರೆ ನೋಡೋಣವೆಂದರೆ ಅದು ಟಾಸ್ಮೇನಿಯಾದಲ್ಲಿದೆ. ಅಕ್ಕ ಮೊರವನ್ನು ಗೋಡೆಯ ಮೇಲಿಟ್ಟು, "ತಡೀರಿ" ಅಂತ ಒಳಗೆ ಹೋದರು. ಅಡುಗೆಮನೆಯಲ್ಲಿ ಡಬ್ಬ ಸರಿಸುವ ಸದ್ದು. ಬಂದಾಗ ಕೈಯಲ್ಲಿ ಬೆಂಗಳೂರು ಪ್ರೆಸ್ಸಿನ ಹೋದ ವರ್ಷದ ಕ್ಯಾಲೆಂಡರಿನ ಎರಡು ಹಾಳೆ. ವರ್ಷ ಮುಗಿದ ಮೇಲೆ ಹಾಳೆ ಬಿಡಿಸಿ ಅಡುಗೆಮನೆ ಶೆಲ್ಫಿಗೆ ಹಾಸುವುದು ಅವರ ಮನೆಯ ಪದ್ಧತಿ, ನಮ್ಮ ಮನೆಯದೂ ಅದೇ. ಸೆಪ್ಟೆಂಬರಿನ ಹಾಳೆ ಸಾಸಿವೆ ಡಬ್ಬದಡಿ ಇತ್ತು. ಅಕ್ಟೋಬರಿನದು ಎಣ್ಣೆ ಡಬ್ಬದಡಿ. ಅದರ ಮೂಲೆಯಲ್ಲಿ ಡಬ್ಬದ ತಳದ ಗುಂಡನೆಯ ಕಲೆ, ಕಾಗದ ಅಲ್ಲಿ ಪಾರದರ್ಶಕವಾಗಿ ಬೆಳಕು ಬಿಡುತ್ತಿತ್ತು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಪೇಪರಿನವನಿಗೆ ಕೊಟ್ಟದ್ದು. 3ನೇ ತಾರೀಕಿನ ಚೌಕದಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ ಎರಡೇ ಅಕ್ಷರ: ಹೋದ. ಅಲ್ಲಿಂದ ಮುಂದೆ ದಿನಕ್ಕೊಂದು ಸಣ್ಣ ಗೀಟು, ಐದಕ್ಕೊಂದು ಅಡ್ಡಗೀಟು, ಮಾವು ಎಣಿಸುವವರು ಹಾಕುವ ಹಾಗೆ.

ನಾನು ಎಣಿಸಿದೆ. ಏಪ್ರಿಲ್ ಮೂವತ್ತು, ಮೇ ಮೂವತ್ತೊಂದು, ಜೂನ್ ಮೂವತ್ತು, ಜುಲೈ ಮೂವತ್ತೊಂದು, ಆಗಸ್ಟ್ ಮೂವತ್ತೊಂದು, ಸೆಪ್ಟೆಂಬರ್ ಮೂವತ್ತು. ನೂರಾ ಎಂಬತ್ಮೂರು. ಮೇಲೆ ಮೂರು. 186. ಹೊರಟ ದಿನವನ್ನು ಎಣಿಸಬೇಕೋ ಬೇಡವೋ ಅಂತ ವಕೀಲರು ಜಗಳ ಆಡುತ್ತಾರೆ. ನಮಗೆ ಆ ಜಗಳದ ಅಗತ್ಯವೇ ಬೀಳಲಿಲ್ಲ, ನಾಲ್ಕು ದಿನ ಮಿಕ್ಕಿತ್ತು.

"ಇನ್ನೊಂದು ವಾರ ಮುಂಚೆ ಹೋಗಿದ್ರೆ ಅನಿವಾಸಿ ಆಗ್ತಿದ್ದ" ಅಂದೆ.

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ನಾನು ಬೇಡದ ಕಡೆ ಬೆಂಕಿ ಹಚ್ಚಿದೆನೇನೋ ಅನ್ನಿಸಿತು.

"ಆಗಸ್ಟ್ ಕೊನೇಗೇ ಹೊರಟಿದ್ದ ಸಾರ್ ಅವ್ನು. ಗಣೇಶನ ಹಬ್ಬ ಮುಗೀಲಿ ಅಂದ್ಳು. ಮುಗೀತು. ಆಮೇಲೆ ಗ್ರಹಣ ಬಂತು."

"ಸೆಪ್ಟೆಂಬರ್ ಏಳಕ್ಕೆ ಚಂದ್ರಗ್ರಹಣ, ಹೋಗೋಕಾಗ್ತಿತ್ತಾ?" ಅಂದರು ಅಕ್ಕ. "ಮಾರನೇ ದಿನದಿಂದ ಪಿತೃಪಕ್ಷ. ಯಾರಾದ್ರೂ ಪಿತೃಪಕ್ಷದಲ್ಲಿ ಹಡಗು ವಿಮಾನ ಹತ್ತುತಾರಾ ಅಣ್ಣ?"

"ಮಹಾಲಯ ಅಮಾವಾಸ್ಯೆ 21ಕ್ಕೆ ಮುಗೀತಲ್ಲ!"

"22ಕ್ಕೆ ನವರಾತ್ರಿ ಕಲಶ. ಕಲಶ ಇಟ್ಟ ಮನೆಯಿಂದ ಕಳಿಸ್ತಾರಾ? ಆಯುಧಪೂಜೆ ಮುಗಿಸ್ಕೊಂಡು ಹೋಗು ಅಂದೆ, ಸ್ಕೂಟರಿಗೆ ಅವನೇ ನಿಂಬೆಹಣ್ಣು ಇಟ್ಟ, ಹೋದ. ತಪ್ಪೇನು?"

ತಪ್ಪೇನೂ ಇಲ್ಲ. ಒಂದು ಗ್ರಹಣ, ಹದಿನೈದು ದಿನದ ಪಿತೃಪಕ್ಷ, ಒಂದು ಕಲಶ, ಚಕ್ರದಡಿ ಚಚ್ಚಿದ ಎರಡು ನಿಂಬೆಹಣ್ಣು. ಪಂಚಾಂಗ ಸೇರಿ ಹುಡುಗನನ್ನು ಭಾರತದ ನಿವಾಸಿ ಮಾಡಿತು. ತೆರಿಗೆ ಸಲಹೆಗಾರರು ಯಾರೂ ಪಂಚಾಂಗ ಇಟ್ಟುಕೊಂಡಿರುವುದನ್ನು ನಾನು ನೋಡಿಲ್ಲ. ಇಟ್ಟುಕೊಂಡರೆ ಒಳ್ಳೆಯದು.

"ಈಗ ಎಷ್ಟು ಕಟ್ಬೇಕು?" ಮೇಷ್ಟ್ರ ದನಿ ಇಳಿದಿತ್ತು.

ಇಲ್ಲಿ ನನಗೆ ಸಮಾಧಾನ ಹೇಳಲು ದಾರಿಯಿತ್ತು. ಅಲ್ಲಿಯ ಕೂಲಿಯನ್ನು ರೂಪಾಯಿಗೆ ತಿರುಗಿಸಬೇಕು. ಅದಕ್ಕೆ ಪೇಪರಿನಲ್ಲಿ ಬರುವ ದರ ಅಲ್ಲ, ಸ್ಟೇಟ್ ಬ್ಯಾಂಕಿನ ಟಿ.ಟಿ. ಬೈಯಿಂಗ್ ರೇಟು, ಅದೂ ಹಿಂದಿನ ತಿಂಗಳ ಕೊನೆಯ ದಿನದ್ದು. ತಿಂಗಳಿಗೊಂದು ರೇಟು. ಗೋಡೆಯ ಮೇಲೆ ಬೇಳೆ ಕಾಳಿನಲ್ಲೇ ಅಂದಾಜು ಹಾಕಿದೆವು, ಒಂದು ಕಾಳಿಗೆ ಒಂದು ಲಕ್ಷ. ಮಾವು, ಚೆರಿ, ಸೇಬು ಸೇರಿ ಎಂಟು ಕಾಳು. ಇಲ್ಲಿ ಮೂರು ತಿಂಗಳ ಸಂಬಳ ಎರಡು ಕಾಳು ತುಂಬಲಿಲ್ಲ. ಹೊಸ ಪದ್ಧತಿಯಲ್ಲಿ ಈ ವರ್ಷ ಹನ್ನೆರಡು ಲಕ್ಷದವರೆಗೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ.

"ಸೊನ್ನೆ ಮೇಷ್ಟ್ರೇ. ಒಂದು ರೂಪಾಯೂ ಕಟ್ಬೇಕಾಗಿಲ್ಲ."

"ಹಂಗಾದ್ರೆ ಅಲ್ಲಿ ಹಿಡಿದ ಹದಿನೈದು ಇಲ್ಲಿ ವಾಪಸ್ಸು ಕೊಡ್ತಾರಾ? ಒಂದೇ ದುಡ್ಡಿಗೆ ಎರಡು ಕಡೆ ತೆರಿಗೆ ಇರಬಾರದು ಅಂತ ಒಪ್ಪಂದ ಇದ್ಯಂತಲ್ಲ."

ಇದೆ. 1991ರಲ್ಲೇ ಭಾರತ, ಆಸ್ಟ್ರೇಲಿಯಾ ಸಹಿ ಹಾಕಿದ್ದು. ಅದರ ಪ್ರಕಾರ ಅಲ್ಲಿ ಕಟ್ಟಿದ್ದನ್ನು ಇಲ್ಲಿಯ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಮುರಿದುಕೊಳ್ಳಲು ಇಲ್ಲಿ ತೆರಿಗೆ ಇರಬೇಕಲ್ಲ? ಇಲ್ಲಿಯ ತೆರಿಗೆ ಸೊನ್ನೆಯಾದರೆ ಮುರಿದುಕೊಳ್ಳುವುದೂ ಸೊನ್ನೆ. ಹದಿನೈದು ಹೋದದ್ದು ಹೋದದ್ದೇ. ಮೇಷ್ಟ್ರು ಗಣಿತದ ಮೇಷ್ಟ್ರು, ಇದನ್ನು ತಕ್ಷಣ ಒಪ್ಪಿದರು, ಸಂತೋಷದಿಂದಲ್ಲ.

"ತೆರಿಗೆ ಇಲ್ಲ ಅಂದ್ಮೇಲೆ ರಿಟರ್ನೂ ಬೇಡ ತಾನೆ?"

"ಬೇಕು."

ಪೈಪಿನ ನೀರು ಈಗ ನಿಂಬೆ ಗಿಡ ಬಿಟ್ಟು ಮೇಷ್ಟ್ರ ಚಪ್ಪಲಿಗೆ ಹರಿಯುತ್ತಿತ್ತು. ಕೂಲಿ ಜಮಾ ಆಗಲು ಹುಡುಗ ಅಲ್ಲಿ ಬ್ಯಾಂಕ್ ಖಾತೆ ತೆರೆದಿದ್ದಾನೆ. ಇಲ್ಲಿಯ ನಿವಾಸಿಗೆ ಹೊರದೇಶದಲ್ಲಿ ಖಾತೆ ಇದ್ದರೆ, ಆದಾಯ ಇರಲಿ ಬಿಡಲಿ, ರಿಟರ್ನು ಕೊಡಲೇಬೇಕು. ನಾನು ರಸ್ತೆಯವರಿಗೆಲ್ಲ ಹತ್ತು ನಿಮಿಷದಲ್ಲಿ ತುಂಬಿಕೊಡುವ 'ಸಹಜ್' ನಮೂನೆ ನಡೆಯುವುದಿಲ್ಲ. ಅದಕ್ಕಿಂತ ಉದ್ದದ್ದು ಬೇಕು, ಅದರಲ್ಲಿ ಶೆಡ್ಯೂಲ್ ಎಫ್.ಎ. ಅಂತ ಒಂದು ಭಾಗ. ಹೊರದೇಶದ ಖಾತೆಯ ನಂಬರು, ತೆರೆದ ದಿನ, ಅತಿ ಹೆಚ್ಚು ಎಷ್ಟು ಹಣ ಇತ್ತು, ಎಲ್ಲ ಬರೆಯಬೇಕು. ಮಜ ಅಂದರೆ ಆ ಭಾಗಕ್ಕೆ ವರ್ಷ ಜನವರಿಯಿಂದ ಡಿಸೆಂಬರ್. ಅಂದರೆ ಒಂದೇ ಹುಡುಗನ ಒಂದೇ ಸುಗ್ಗಿಗೆ ಆಸ್ಟ್ರೇಲಿಯಾದ ವರ್ಷ ಜುಲೈಯಿಂದ, ನಮ್ಮ ವರ್ಷ ಏಪ್ರಿಲ್‌ನಿಂದ, ನಮ್ಮದರೊಳಗಿನ ಈ ಪುಟದ ವರ್ಷ ಜನವರಿಯಿಂದ. ಮಾವಿನ ಮರಕ್ಕೆ ಈ ಮೂರೂ ಗೊತ್ತಿಲ್ಲ.

ನಮ್ಮ ಏಪ್ರಿಲ್ ಕೂಡ ಮೊದಲಿನಿಂದ ಇದ್ದದ್ದಲ್ಲ. 1867ಕ್ಕೆ ಮುಂಚೆ ಸರ್ಕಾರದ ವರ್ಷ ಮೇ ಒಂದಕ್ಕೆ ಶುರುವಾಗುತ್ತಿತ್ತು. ಇಂಗ್ಲೆಂಡಿನ ಜೊತೆ ಹೊಂದಲಿ ಅಂತ ಏಪ್ರಿಲ್ ಆಯಿತು. ಅದನ್ನು ನಮಗೆ ಕಲಿಸಿದ ಇಂಗ್ಲೆಂಡಿನಲ್ಲಿ ಜನರ ತೆರಿಗೆ ವರ್ಷ ಇವತ್ತಿಗೂ ಏಪ್ರಿಲ್ ಆರಕ್ಕೆ ಶುರು. 1752ರಲ್ಲಿ ಕ್ಯಾಲೆಂಡರ್ ಸರಿಪಡಿಸಲು ಹನ್ನೊಂದು ದಿನ ಹಾರಿಸಿದಾಗಿನ ಎಡವಟ್ಟು ಅದು, ಇನ್ನೂ ಸರಿಹೋಗಿಲ್ಲ. ನಮ್ಮಲ್ಲೂ 2026ರ ಏಪ್ರಿಲ್ ಒಂದರಿಂದ 1961ರ ಕಾಯ್ದೆ ಹೋಗಿ ಹೊಸದು. ಪ್ರೀವಿಯಸ್ ಇಯರ್, ಅಸೆಸ್‌ಮೆಂಟ್ ಇಯರ್ ಅಂತ ಒಂದೇ ವರ್ಷದ ಲೆಕ್ಕಕ್ಕೆ ಇದ್ದ ಎರಡು ಹೆಸರು ಹೋಗಿ ಟ್ಯಾಕ್ಸ್ ಇಯರ್ ಅಂತ ಒಂದೇ. ಆ ಎರಡು ಹೆಸರನ್ನು ರಸ್ತೆಯವರಿಗೆ ವಿವರಿಸುವುದರಲ್ಲೇ ನನ್ನ ಅರ್ಧ ಜೇನುತುಪ್ಪ ಬಂದದ್ದು. ನನಗೇನೋ ನಷ್ಟ.

"ಬರೀದೇ ಬಿಟ್ರೆ?"

"2015ರ ಕಪ್ಪು ಹಣದ ಕಾಯ್ದೆ ಇದೆ. ಹತ್ತು ಲಕ್ಷ ದಂಡ."

ಪೈಪು ಕೈಯಿಂದ ಬಿತ್ತು. ಬಿದ್ದ ಪೈಪು ಹಾವಿನ ಹಾಗೆ ತಿರುಗಿ ನನ್ನ ಲುಂಗಿಗೂ, ಅಕ್ಕನ ಬೇಳೆಗೂ ನೀರೆರಚಿತು. "ಮಾವಿನಕಾಯಿ ಕಿತ್ತೋನು ಕಪ್ಪು ಹಣದೋನಾ!" ಅಂತ ಮೇಷ್ಟ್ರು ಕೂಗಿದ್ದಕ್ಕೆ ಎದುರು ಮನೆಯ ಬಾಲ್ಕನಿಯಲ್ಲಿ ಇಬ್ಬರು ಬಂದು ನಿಂತರು. ನಾನು ಬೇಗ ಬೇಗ ಉಳಿದದ್ದು ಹೇಳಿದೆ. ಮನೆ ಜಮೀನು ಬಿಟ್ಟು ಹೊರದೇಶದ ಆಸ್ತಿಯೆಲ್ಲ ಸೇರಿ ಇಪ್ಪತ್ತು ಲಕ್ಷದೊಳಗಿದ್ದರೆ ಆ ದಂಡ ಇಲ್ಲ ಅಂತ 2024ರ ಅಕ್ಟೋಬರಿನಿಂದ ಬದಲಾಗಿದೆ. ದಂಡ ಇಲ್ಲ ಅಂದ ಮಾತ್ರಕ್ಕೆ ಬರೆಯದೇ ಬಿಡುವುದೂ ಸರಿಯಲ್ಲ. ಜುಲೈಯಲ್ಲಿ ಕೂತು ತುಂಬೋಣ, ಹುಡುಗ ಓ.ಟಿ.ಪಿ. ಕಳಿಸಿದರೆ ಸಾಕು.

ಆಮೇಲೆ ನನಗೆ ಹಕ್ಕಿಪಿಕ್ಕಿಗಳ ನೆನಪಾಯಿತು. ಹುಣಸೂರಿನ ಕಡೆಯ ಹಾಡಿಗಳಿಂದ ತಲೆಕೂದಲಿನ ಎಣ್ಣೆ, ಗಿಡಮೂಲಿಕೆ ಹೊತ್ತುಕೊಂಡು ಆಫ್ರಿಕಾದ ಊರೂರು ಸುತ್ತಿ ಮಾರಿ ಬರುವವರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹತ್ತಿಕೊಂಡು ಅವರು ಅಲ್ಲಿ ಸಿಕ್ಕಿಹಾಕಿಕೊಂಡಾಗಲೇ ಇಡೀ ಕರ್ನಾಟಕಕ್ಕೆ ಇದು ಗೊತ್ತಾದದ್ದು. 'ಆಪರೇಷನ್ ಕಾವೇರಿ'ಯಲ್ಲಿ ಕರೆತಂದರು. ಋತು ನೋಡಿ ಹೊರದೇಶಕ್ಕೆ ದುಡಿಯಲು ಹೋಗುವ ವಿದ್ಯೆಯನ್ನು ಚೀಟಿ ಎತ್ತಿಸದೆಯೇ ಕಲಿತ ಕನ್ನಡ ನಾಡಿನವರು ಅವರು. ಅವರ ಶೆಡ್ಯೂಲ್ ಎಫ್.ಎ. ಯಾರು ತುಂಬಿಕೊಟ್ಟರೋ. ಮೇಷ್ಟ್ರಿಗೆ ಇದನ್ನು ಹೇಳಬೇಕೆಂದುಕೊಂಡೆ. ಅವರು ನಲ್ಲಿ ನಿಲ್ಲಿಸಲು ಹೋಗಿದ್ದರು.

ಅಕ್ಕ ಒದ್ದೆ ಬೇಳೆಯನ್ನು ಸೆರಗಿನಲ್ಲಿ ಒತ್ತುತ್ತ ನಿಂತಿದ್ದರು. ಎಂಟು ಲಕ್ಷ, ಹತ್ತು ಲಕ್ಷ ಯಾವುದೂ ಅವರಿಗೆ ತಾಗಿದ ಹಾಗೆ ಕಾಣಲಿಲ್ಲ. "ಅಣ್ಣ, ವಾಪಸ್ಸು ಬರೋದಕ್ಕೂ ಇಂಥ ದಿನ ಅಂತ ಲೆಕ್ಕ ಇದ್ಯಾ?" ಅಂತ ಕೇಳಿದರು.

"ಇದೆ. ಕೆಲಸಕ್ಕೆ ಹೋಗೋನಿಗೆ 182 ದಿನದ ರಿಯಾಯಿತಿ, ನೆಲೆಸೋಕೆ ಬರೋನಿಗೆ ಅದಿಲ್ಲ. ಹಿಂದಿನ ನಾಲ್ಕು ವರ್ಷದಲ್ಲಿ 365 ದಿನ ಇಲ್ಲೇ ಇದ್ದೋನು ಮಾರ್ಚ್ ಒಳಗೆ ಅರವತ್ತು ದಿನ ಇದ್ರೂ ಸಾಕು, ನಿವಾಸಿ. ಜನವರಿ ಕೊನೆಯೊಳಗೆ ಯಾವತ್ತು ಬಂದ್ರೂ ಒಂದೇ."

"ಅಂದ್ರೆ ತಡವಾಗಿ ಬಂದ್ರೆ ಲಾಭ ಏನಿಲ್ಲ."

"ಏನಿಲ್ಲ. ಹೇಗೂ ವೀಸಾ ಒಂದೇ ವರ್ಷ. ಅಕ್ಟೋಬರ್ ನಾಲ್ಕಕ್ಕೆ ಮುಗಿಯತ್ತೆ."

ಹೇಳಿದ ಮೇಲೆ ಹೊಳೆಯಿತು. ಈ ವರ್ಷ ಅಧಿಕ ಜ್ಯೇಷ್ಠ ಬಂದು ಹಬ್ಬಗಳೆಲ್ಲ ಹಿಂದೆ ಸರಿದಿವೆ. ಮಹಾಲಯ ಅಮಾವಾಸ್ಯೆ ಅಕ್ಟೋಬರ್ 10ಕ್ಕೆ. ನಾಲ್ಕನೇ ತಾರೀಕು ಪಿತೃಪಕ್ಷದ ನಟ್ಟನಡುವೆ.

"ಪಿತೃಪಕ್ಷದಲ್ಲಿ ಬೀಳತ್ತಲ್ಲ ಅಕ್ಕ, ವಿಮಾನ ಹತ್ತಬಹುದಾ?" ಅಂದೆ, ಬೇಕೆಂದೇ.

"ಹೊರಡೋಕೆ ಅಣ್ಣ ಅದೆಲ್ಲ. ಮನೆಗೆ ಬರೋಕೆ ಯಾವ ಪಕ್ಷ?" ಅಂದು ಗೋಡೆಯ ಮೇಲಿಂದ ಕೈ ಚಾಚಿದರು. "ಆ ಹಾಳೆ ಕೊಡಿ ಇಲ್ಲಿ, ಎಣ್ಣೆ ಡಬ್ಬ ನೆಲದ ಮೇಲಿಟ್ಟು ಬಂದಿದೀನಿ."